ಎರಡೂ ಇಪ್ಪತ್ತೈದರ ಚಾರ್‌ಮಿನಾರ್

ಪರದೆ ಬಿಚ್ಚಿದಾಗ ಮೊದಲು ಉರುಳಿ ಬಂದದ್ದು ಮೂರು ಕೆಂಪು ಬಾಳೆಹಣ್ಣು. ಆಮೇಲೆ ಒಂದು ಜಿರಳೆ. ಅದರ ಹಿಂದೆ, ತಲೆಕೆಳಗಾಗಿ, ಚಾರ್‌ಮಿನಾರ್.

ಉಲ್ಟಾ ಹಿಡಿದಿದ್ದೇವೆ ಎಂದು ಜಹೀರುದ್ದೀನ್ ಸಾಹೇಬರು ಸೊಸೆ ಇಕ್ಬಾಲ್ ಬೇಗಂಗೆ ಹೇಳಿದರು. ಗೊನೆ ಹಣ್ಣಾಗಲೆಂದು ಹದಿನೈದು ವರ್ಷಗಳಿಂದ ಆಕೆ ಈ ಬಟ್ಟೆಯನ್ನು ಬಾಳೆಗೊನೆಗಳ ಮೇಲೆ ಹೊದಿಸುತ್ತ ಬಂದಿದ್ದಳು. ಅದರಲ್ಲೊಂದು ಚಿತ್ರವಿದೆ ಎಂಬುದು ಅವಳಿಗೆ ಗೊತ್ತಾದದ್ದೇ ಇವತ್ತು ಎಂದು ಮುಖ ಹೇಳುತ್ತಿತ್ತು. ಇಬ್ಬರೂ ಸೇರಿ ಬಟ್ಟೆಯನ್ನು ತಿರುಗಿಸಿ, ಅಂಗಳದ ಹಗ್ಗದ ಮೇಲೆ ಸೀರೆ ಒಣಹಾಕುವಂತೆ ಹಾಕಿದರು. ನಾಲ್ಕು ಮಿನಾರುಗಳು ಕಮಲಾಪುರದ ಗಾಳಿಗೆ ಒಮ್ಮೆ ಹೊಟ್ಟೆ ಉಬ್ಬಿಸಿ, ಮತ್ತೆ ನೆಟ್ಟಗೆ ನಿಂತವು.

ತುಂಗಾಬಾಯಿ ಚೀಲದಿಂದ ಭೂತಗನ್ನಡಿ ತೆಗೆದರು. ಬೇಕಾಗಲಿಲ್ಲ. ಕಮಾನಿನ ಮೇಲೆ ಊಟದ ತಾಟಿನಷ್ಟು ದೊಡ್ಡ ಗಡಿಯಾರವಿತ್ತು. ಸಣ್ಣ ಮುಳ್ಳು ಎರಡು ದಾಟಿತ್ತು. ದೊಡ್ಡ ಮುಳ್ಳು ಐದರ ಮೇಲಿತ್ತು.

ಎರಡೂ ಇಪ್ಪತ್ತೈದು.

ನಿವೃತ್ತ ತಹಸೀಲ್ದಾರ್ ಗುರುಲಿಂಗಪ್ಪನವರ ೧೯೪೬ರ ಚಾರ್‌ಮಿನಾರ್ ಫೋಟೋ ಕಲಬುರಗಿಯ ಪ್ರದರ್ಶನದಿಂದ ಮಾಯವಾಗಿ ಈ ಭಾನುವಾರಕ್ಕೆ ನಾಲ್ಕು ದಿನ. ಸಂಜೆ ಆರರೊಳಗೆ ಅದು ಸಿಗದಿದ್ದರೆ ಫ್ರೇಮ್ ಅಂಗಡಿಯ ಹಲೀಮಾಳ ಹೆಸರು ಪೊಲೀಸ್ ಠಾಣೆಯಲ್ಲಿ ಬರೆಯಲ್ಪಡುತ್ತಿತ್ತು.

ತುಂಗಾಬಾಯಿ ಪೊಲೀಸರಲ್ಲ. ನಿವೃತ್ತ ಮುಖ್ಯೋಪಾಧ್ಯಾಯಿನಿ, ವಯಸ್ಸು ಅರವತ್ತೊಂದು. ಊರೆಲ್ಲ ಅವರನ್ನು ‘ತುಂಗಾ ಅಕ್ಕೋರು’ ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷ ಅವರು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸ್ಕ್ವಾಡಿನಲ್ಲಿದ್ದವರು. ನಕಲು ಹಿಡಿಯುವುದಕ್ಕೆ ಅವರದೊಂದೇ ಸೂತ್ರ: ಸರಿಯುತ್ತರ ನಲವತ್ತು ಮಂದಿ ಒಂದೇ ರೀತಿ ಬರೆಯಬಹುದು, ಅದರಲ್ಲಿ ಅನುಮಾನ ಪಡುವುದೇನೂ ಇಲ್ಲ. ತಪ್ಪು ಉತ್ತರವನ್ನು ಇಬ್ಬರು ಒಂದೇ ರೀತಿ ಬರೆದರೆ ಒಬ್ಬ ಇನ್ನೊಬ್ಬನ ಹಾಳೆ ನೋಡಿದ್ದಾನೆ.

ಪ್ರದರ್ಶನದಲ್ಲಿ ತೂಗುಹಾಕಿದ್ದ ನಲವತ್ತೊಂದು ಫೋಟೋಗಳನ್ನೂ, ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದ್ದ, ಕಳೆದುಹೋದ ನಲವತ್ತೆರಡನೆಯದನ್ನೂ ಅವರು ಭೂತಗನ್ನಡಿ ಹಿಡಿದು ನೋಡಿದ್ದರು. ಚಾರ್‌ಮಿನಾರ್ ಇದ್ದದ್ದು ಹನ್ನೊಂದರಲ್ಲಿ. ಎಂಟರಲ್ಲಿ ಗಡಿಯಾರ ಒಂದೊಂದು ಹೊತ್ತು ತೋರಿಸುತ್ತಿತ್ತು, ಇಲ್ಲವೇ ಏನೂ ಕಾಣುತ್ತಿರಲಿಲ್ಲ. ಉಳಿದ ಮೂರು ಬೇರೆ ಬೇರೆ ಮನೆಗಳವು. ಒಂದು ೧೯೩೯ರದು, ಒಂದು ೧೯೪೬ರದು, ಇನ್ನೊಂದು ೧೯೫೨ರದು. ಆ ಮೂರೂ ವರ್ಷ ಹೈದರಾಬಾದಿನಲ್ಲಿ ಸಮಯ ಎರಡೂ ಇಪ್ಪತ್ತೈದು. ಐವತ್ತೆರಡರ ಫೋಟೋದ ಮನೆಯವರನ್ನು ಕೇಳಿಕೊಂಡು ಹಿಂಬದಿ ತಿರುಗಿಸಿದಾಗ ರಬ್ಬರ್ ಸ್ಟಾಂಪು ಕಂಡಿತು. ಜಹೀರುದ್ದೀನ್ ಫೋಟೋ ಸ್ಟುಡಿಯೋ, ಕಮಲಾಪುರ.

ಅದಕ್ಕೇ ಇವತ್ತು ಬೆಳಿಗ್ಗೆ ಹುಮನಾಬಾದ್ ಬಸ್ಸು ಹತ್ತಿ ಬಂದಿದ್ದರು.

ಜಹೀರುದ್ದೀನ್ ಸಾಹೇಬರಿಗೆ ಎಂಬತ್ತೆರಡು. ಸ್ಟುಡಿಯೋ ಮುಚ್ಚಿ ಇಪ್ಪತ್ತೆಂಟು ವರ್ಷವಾಗಿತ್ತು, ಆದರೆ ಗಿರಾಕಿಗಳ ನೆನಪು ಮುಚ್ಚಿರಲಿಲ್ಲ. ಆ ಕಾಲದಲ್ಲಿ ಇಲ್ಲಿಯವರಿಗೂ ರಾಜಧಾನಿಯಾಗಿದ್ದ ಹೈದರಾಬಾದಿಗೆ ಹೋಗಿ ಬಂದವನಿಗೆ ಊರಿನಲ್ಲಿ ಮಾನವಿತ್ತು, ಹೋಗಲಾಗದವರೇ ಜಾಸ್ತಿ ಇದ್ದರು ಎಂದು ವಿವರಿಸಿದರು. ಹೋಗಲಾಗದವರಿಗೆ ರಾಜಧಾನಿಯನ್ನೇ ಕಮಲಾಪುರಕ್ಕೆ ತರಿಸಿದ್ದು ತಮ್ಮ ತಂದೆ. ಚಿತ್ರ ಬರೆದವನು ಹುಮನಾಬಾದಿನ ಬೋರ್ಡು ಪೇಂಟರ್. ಅವನೂ ಹೈದರಾಬಾದು ಕಂಡವನಲ್ಲ, ಚಾರ್‌ಮಿನಾರ್ ಸಿಗರೇಟಿನ ಪಾಕೀಟು ನೋಡಿ ಬರೆದ. ಪಾಕೀಟಿನಲ್ಲಿ ಗಡಿಯಾರದ ಮುಳ್ಳು ಕಾಣಲಿಲ್ಲವೆಂದು ಸ್ಟುಡಿಯೋದ ಗೋಡೆ ಗಡಿಯಾರ ನೋಡಿಕೊಂಡ. ಅದು ನಿಂತು ಎರಡು ವರ್ಷವಾಗಿತ್ತು.

“ಐವತ್ತೊಂದರಾಗ ಅಸಲಿ ಚಾರ್‌ಮಿನಾರ್ ನೋಡ್ದೆ, ಬಾಯೀ,” ಎಂದರು ಮುದುಕರು. “ಮನಸ್ಸಿಗೆ ಬರಲಿಲ್ಲ. ನಮ್ದರಷ್ಟು ಸಾಫ್ ಇರಲಿಲ್ಲ. ಟೈಮೂ ತಪ್ಪಿತ್ತು.”

ತುಂಗಾಬಾಯಿ ಸ್ಮರಣ ಸಂಚಿಕೆ ತೆರೆದು ನಲವತ್ತೆರಡನೆಯ ಫೋಟೋ ಮುಂದಿಟ್ಟರು. ಹತ್ತೊಂಬತ್ತರ ಗುರುಲಿಂಗಪ್ಪ ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ನವಾಬನ ಹಾಗೆ ನಿಂತಿದ್ದ. ಜಹೀರುದ್ದೀನ್ ಸಾಹೇಬರು ಮುಖ ನೋಡಲಿಲ್ಲ. ಕೋಟು ನೋಡಿದರು.

“ಕೋಟು ನಮ್ದು.”

ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು. ಯಾರೋ ಬೀಡಿ ತಾಗಿಸಿ ಅದರ ಎಡಗಿಸೆ ಸುಟ್ಟಿದ್ದರು. ತೂತು ಕಾಣಬಾರದೆಂದು ಬಂದವರೆಲ್ಲರ ಕೈಯನ್ನೂ ಅಲ್ಲೇ ಇಡಿಸುತ್ತಿದ್ದರಂತೆ. ಆ ಕೋಟು ತೊಟ್ಟು ಫೋಟೋ ತೆಗೆಸಿಕೊಂಡ ಇಪ್ಪತ್ತು ಮಂದಿಗಾದರೂ ಹೆಣ್ಣು ಸಿಕ್ಕಿದೆ ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು. ಪ್ರತಿ ಫೋಟೋದ ಹಿಂದೆ ಸ್ಟಾಂಪು ಹೊಡೆಯುವುದನ್ನು ತಾವು ಒಂದು ದಿನವೂ ಮರೆತವರಲ್ಲ ಎಂದೂ ಸೇರಿಸಿದರು.

ತುಂಗಾಬಾಯಿಗೆ ಬೇಕಾದದ್ದು ಅಷ್ಟೇ.

ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನ ಮುಂದೆ ಸರದಿ ಕಾಯುತ್ತ ಅವರು ಎಲ್ಲವನ್ನೂ ಒಮ್ಮೆ ಸಾಲಾಗಿ ಜೋಡಿಸಿಕೊಂಡರು.

ಗುರುಲಿಂಗಪ್ಪನವರು ‘ಹಳೇ ರಾಜಧಾನಿ ಮಿತ್ರಮಂಡಳಿ’ಯ ಅಧ್ಯಕ್ಷರು. ರಾಜ್ಯ ಬದಲಾಗಿ, ರಾಜಧಾನಿ ಬದಲಾಗಿ ನಲವತ್ತು ವರ್ಷವಾಯಿತು. ಹಾಗಿದ್ದರೂ ಪ್ರತಿ ಭಾನುವಾರ ಹನ್ನೆರಡು ಮುದುಕರನ್ನು ಕೂಡಿಸಿ ಹೈದರಾಬಾದಿನ ತಮ್ಮ ಕಾಲೇಜು ದಿನಗಳನ್ನು ಹೇಳುವವರು ಅವರು. ಹೋದ ಸೋಮವಾರ ಅವರು ಲಗ್ನಕ್ಕೆಂದು ಬೀದರಿಗೆ ಹೋಗಿದ್ದಾಗ ಮಂಡಳಿಯ ಕಾರ್ಯದರ್ಶಿ ಜಯತೀರ್ಥ ಮನೆಗೆ ಬಂದು, ಹೆಂಡತಿ ಶಿವಕಾಂತಮ್ಮನ ಕೈಯಿಂದ ಆ ಫೋಟೋ ಇಸಿದುಕೊಂಡು, ಸ್ಮರಣ ಸಂಚಿಕೆಗೆ ಅದರ ಪ್ರತಿ ತೆಗೆಸಿ, ಹಲೀಮಾಳಿಗೆ ಕೊಟ್ಟ. ತೇಗದ ಚೌಕಟ್ಟು ಗಟ್ಟಿಯಿದೆಯೆಂದು ಹಲೀಮಾ ಅದನ್ನು ಬಿಚ್ಚಲಿಲ್ಲ, ಪಾಲಿಶ್ ಹೊಡೆದು ಸಭಾಂಗಣದಲ್ಲಿ ತೂಗುಹಾಕಿದಳು. ಅಧ್ಯಕ್ಷರು ಮಂಗಳವಾರ ಊರಿಗೆ ಬಂದರು. ಬುಧವಾರ ಫೋಟೋ ಇರಲಿಲ್ಲ.

ಸಭಾಂಗಣಕ್ಕೆ ಕೀಲಿ ಎರಡು. ಒಂದು ಹಲೀಮಾಳ ಹತ್ತಿರ, ಇನ್ನೊಂದು ಅಧ್ಯಕ್ಷರ ಹತ್ತಿರ. ತನ್ನ ಫೋಟೋ ತಾನೇ ಯಾರು ಕದಿಯುತ್ತಾರೆ ಎಂದು ಜಯತೀರ್ಥ ಎರಡನೆಯ ಕೀಲಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ತುಂಗಾಬಾಯಿ ಹಿಡಿದರು. ಸ್ಕ್ವಾಡು ಒಳಗೆ ಬಂದದ್ದು ಕಂಡು ತನ್ನದೇ ಉತ್ತರಪತ್ರಿಕೆಯ ಎರಡು ಹಾಳೆ ಹರಿದು ನುಂಗಿದ ಹುಡುಗನನ್ನು ಅವರು ಕಣ್ಣಾರೆ ಕಂಡಿದ್ದರು. ಅವನಿಗೆ ನೀರು ಕುಡಿಸಿದ್ದೂ ಅವರೇ.

ಹಲೀಮಾಳನ್ನು ನಂಬುವುದು ಅವರಿಗೆ ಅಷ್ಟು ಸುಲಭವೂ ಆಗಿರಲಿಲ್ಲ. ೧೯೭೧ರಲ್ಲಿ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಇದೇ ಹಲೀಮಾಳ ಓಢಣಿಯ ಅಂಚಿನಿಂದ ರಾಜಧಾನಿಗಳ ಪಟ್ಟಿಯ ಚೀಟಿ ಎಳೆದು, ಒಂದು ವರ್ಷ ಮನೆಯಲ್ಲೇ ಕೂಡಿಸಿದವರು ಅವರೇ. ಮೊನ್ನೆ ಅವಳು ಮನೆಗೆ ಬಂದು ಅತ್ತಿರಲಿಲ್ಲ, ಕೈ ಮುಗಿದಿರಲಿಲ್ಲ. ಅಪ್ಪ ನಡೆಸಿದ ಅಂಗಡಿ, ಊರಿನ ಅರ್ಧ ಮನೆಗಳ ಸತ್ತವರ ಫೋಟೋ ತನ್ನ ಕೈಯಲ್ಲೇ ಕಟ್ಟಿಸಿಕೊಂಡಿವೆ, ಕಳ್ಳಿ ಅನ್ನಿಸಿಕೊಂಡರೆ ನಾಳೆಯಿಂದ ಯಾರೂ ತಮ್ಮ ತಾಯಿಯ ಫೋಟೋ ತಂದು ಕೊಡುವುದಿಲ್ಲ ಎಂದು ವಿವರಿಸಿ, ಒಂದೇ ಮಾತು ಹೇಳಿದ್ದಳು.

“ಅವತ್ತು ನೀವೇ ನನ್ನ ಹಿಡದ್ರಿ, ಅಕ್ಕೋರೇ. ಇವತ್ತು ನೀವೇ ಬಿಡಸ್ರಿ.”

ಬೂತಿನಲ್ಲಿ ಸರದಿ ಬಂತು. ಹಲೀಮಾಳ ಅಂಗಡಿಗೆ ಫೋನಿಲ್ಲ. ಪಕ್ಕದ ದೌಲಪ್ಪನ ಮೆಡಿಕಲ್ ಅಂಗಡಿಗೆ ಮಾಡಿ ಅವಳನ್ನು ಕರೆಸಿದರು. ಗಂಟೆ ಹನ್ನೆರಡು. ಕಳ್ಳನ ಹೆಸರು ಹೇಳಲಿಲ್ಲ, ಫೋನಿನ ಆ ಕಡೆ ದೌಲಪ್ಪ ಕಿವಿ ಕೊಟ್ಟು ನಿಂತಿರುತ್ತಾನೆಂದು ಗೊತ್ತಿತ್ತು. ಆದರೆ ಒಂದು ಉಪಾಯ ಹೇಳಿದರು. ಸ್ಕ್ವಾಡಿನವರು ಕೇಳುವ ಮೊದಲೇ ಎದ್ದು ನಿಂತು ಕಿಸೆ ತೆಗೆದು ತೋರಿಸುವ ಹುಡುಗನ ಮೇಲಿನ ಅನುಮಾನ ಅಲ್ಲಿಗೇ ಅರ್ಧ ಇಳಿಯುತ್ತದೆ ಎಂಬುದು ಅವರ ಇಪ್ಪತ್ತೆರಡು ವರ್ಷದ ಅನುಭವ.

“ನಾಕು ಗಂಟೆಕ್ಕ ಮಂಡಳಿಯವರನ್ನ ನೀನೇ ಕರಿ. ಅಂಗಡಿ ಪೂರಾ ತೆಗದು ತೋರಸು. ಒಂದ ಮೂಲಿನೂ ಬಿಡಬ್ಯಾಡ.”

ಪೊಲೀಸರನ್ನೂ ಕರೆತಂದರೆ ಏನು ಮಾಡಲಿ ಎಂದು ಹಲೀಮಾ ಕೇಳಿದಳು. ಇನ್ನೂ ಛಲೋ ಎಂದರು ತುಂಗಾಬಾಯಿ.

ವಾಪಸು ಬಸ್ಸಿನಲ್ಲಿ ಇಕ್ಬಾಲ್ ಬೇಗಂ ಕೊಟ್ಟ ಕೆಂಪು ಬಾಳೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕಪನೂರ ದಾಟುವಾಗ ಬಸ್ಸು ಪಂಕ್ಚರ್ ಆಯಿತು. ಕಾರ್ಖಾನೆಗಳ ಗೇಟಿನ ಮುಂದೆ ಒಂದು ಗಂಟೆ ನಿಂತು, ಅಟೋ ಹಿಡಿದು ಶರಣಸಿರಸಗಿ ಕಡೆಯ ಹೊಸ ಬಡಾವಣೆ ಮುಟ್ಟಿದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು.

ಗುರುಲಿಂಗಪ್ಪನವರು ಆಗಲೇ ಸಂಜೆಯ ಸಮಾರೋಪಕ್ಕೆ ತಯಾರಾಗಿ, ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು, ಕುರ್ಚಿಗೆ ಬೆನ್ನು ತಾಗಿಸದೆ ಕೂತಿದ್ದರು. ಭಾಷಣದ ಹಾಳೆ ಕೈಯಲ್ಲಿತ್ತು. ಅಕ್ಕೋರು ಬಂದದ್ದು ಒಳ್ಳೆಯದೇ ಆಯಿತೆಂದು, ಹೈದರಾಬಾದಿನ ಅಬಿಡ್ಸ್ ಪೇಟೆಯ ಹೋಟೆಲಿನಲ್ಲಿ ತಾವು ಕುಡಿದ ಇರಾನಿ ಚಹಾದ ಭಾಗವನ್ನು ಓದಿ ತೋರಿಸಿದರು. ತುಂಗಾಬಾಯಿ ಪೂರ್ತಿ ಕೇಳಿದರು. ಮೌಖಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯನ್ನು ನಡುವೆ ತಡೆಯುವುದು ಅವರ ಪದ್ಧತಿಯಲ್ಲ.

ಆಮೇಲೆ ಕೇಳಿದರು. “ಸಾಹೇಬ್ರ, ಚಾರ್‌ಮಿನಾರಕ್ಕ ಗಡಿಯಾರ ಎಷ್ಟವ?”

“ಒಂದು.”

“ಒಂದೇ ಏನ್ರಿ?”

“ಕಮಾನಿನ ಮ್ಯಾಲ, ಎದರಿಗೇ ಅದಲ್ರಿ. ಎರಡ ವರ್ಷ ದಿನಾ ಅದರ ಕೆಳಗ ಓಡಾಡೀನಿ.”

“ನಾಕವ,” ಎಂಬ ದನಿ ಅಡುಗೆಮನೆಯಿಂದ ಬಂತು. “ನಾಕ ದಿಕ್ಕಿಗೆ ನಾಕು. ನಮ್ಮಣ್ಣ ನೋಡಿ ಬಂದಾನ.”

ಶಿವಕಾಂತಮ್ಮನವರು ಹೊರಗೆ ಬರಲಿಲ್ಲ. ಸಾಸಿವೆ ಸಿಡಿಯುವ ಸದ್ದು ಮಾತ್ರ ಕೇಳಿಸಿತು. ಗುರುಲಿಂಗಪ್ಪನವರು, ಉಳಿದ ಮೂರು ಆಮೇಲೆ ಹಚ್ಚಿರಬೇಕೆಂದು ಗೊಣಗಿದರು.

ನಾಲ್ಕೂ ಗಡಿಯಾರ ಹಚ್ಚಿ ನೂರು ವರ್ಷದ ಮೇಲಾಯಿತು ಎಂದು ತುಂಗಾಬಾಯಿ ತಿಳಿಸಿದರು. ಸ್ಮರಣ ಸಂಚಿಕೆಯನ್ನೂ, ಮನೆಯವರನ್ನು ಕೇಳಿ ತಂದಿದ್ದ ಐವತ್ತೆರಡರ ಫೋಟೋವನ್ನೂ ಟೀಪಾಯಿಯ ಮೇಲೆ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಗಂಟೆಯೆಷ್ಟು ನೋಡಿ ಎಂದರು. ಅವರು ನೋಡಲಿಲ್ಲ. ಆ ಕಾಲದಲ್ಲಿ ಎಲ್ಲರೂ ಊಟ ಮುಗಿಸಿಯೇ ಫೋಟೋ ತೆಗೆಸುತ್ತಿದ್ದರೆಂದು ವಾದಿಸಿದರು. ಊಟದ ಮೇಲೆ ಬಿಸಿಲು ಚೆನ್ನಾಗಿರುತ್ತದೆ ಎಂದೂ ಹೇಳಿದರು. ತಹಸೀಲ್ದಾರರಾಗಿದ್ದವರು, ವಾದಕ್ಕೇನೂ ಕೊರತೆಯಿರಲಿಲ್ಲ.

“ಎಡಗಿಸೆದಾಗ ಬೀಡಿ ತೂತಿತ್ತಂತ,” ಎಂದರು ತುಂಗಾಬಾಯಿ. “ಅದಕ್ಕೇ ಕೈ ಅಲ್ಲಿ ಇಡಸಿದ್ರಂತ. ಜಹೀರುದ್ದೀನ್ ಸಾಹೇಬ್ರು ನಿಮಗ ಸಲಾಂ ಹೇಳ್ಯಾರ.”

ಗುರುಲಿಂಗಪ್ಪನವರ ಎಡಗೈ ತಾನಾಗಿಯೇ ಶೇರ್ವಾನಿಯ ಸೊಂಟದ ಮೇಲೆ ಹೋಗಿ ಕೂತಿತು. ಅದನ್ನು ಅವರೇ ನೋಡಿಕೊಂಡು, ಮೆಲ್ಲಗೆ ಕೆಳಗಿಳಿಸಿ, ಭಾಷಣದ ಹಾಳೆ ಮಡಚಿದರು.

ನಂತರದ ಮಾತುಗಳನ್ನು ಅವರು ನೆಲ ನೋಡುತ್ತಲೇ ಆಡಿದರು. ನಲವತ್ತಾರರಲ್ಲಿ ಹೈದರಾಬಾದಿನ ಕಾಲೇಜಿನಲ್ಲಿ ಸೀಟು ಸಿಕ್ಕದ್ದು ನಿಜ. ಹೊರಡುವ ವಾರ ತಂದೆ ಹಾಸಿಗೆ ಹಿಡಿದರು, ಸೀಟು ಹೋಯಿತು. ಊರೆಲ್ಲ ಹೇಳಿಕೊಂಡಾಗಿತ್ತು. ಮುಖ ಉಳಿಸಿಕೊಳ್ಳಲು ಕಮಲಾಪುರದ ಪರದೆಯ ಮುಂದೆ ನಿಂತರು. ಮರುವರ್ಷ ಅದೇ ಫೋಟೋ ಕಂಡು ಹೆಣ್ಣು ಕೊಟ್ಟರು. ಆಮೇಲೆ ಒಬ್ಬರು ಕೇಳಿದರೆಂದು ಒಂದು ಕಥೆ, ಇನ್ನೊಬ್ಬರು ಕೇಳಿದರೆಂದು ಇನ್ನೊಂದು. ಮಂಡಳಿಯಲ್ಲಿ ನಿಜವಾಗಿ ಅಲ್ಲಿ ಓದಿದವರು ನಾಲ್ಕು ಮಂದಿ ಇದ್ದರು. ತಮ್ಮ ತಮ್ಮ ಕಥೆಗೆ ಯಾರೂ ಅಡ್ಡ ಬರಬಾರದೆಂದು ಅವರೂ ಇನ್ನೊಬ್ಬರ ಕಥೆಗೆ ಅಡ್ಡ ಬರಲಿಲ್ಲ.

ಮುಂದೆ ನೌಕರಿ, ಸಂಬಳ ಎಲ್ಲ ಬಂದ ಮೇಲಾದರೂ ಒಮ್ಮೆ ಹೋಗಿ ಬರಬಹುದಿತ್ತಲ್ಲ ಎಂದು ತುಂಗಾಬಾಯಿ ಕೇಳಿದರು.

“ಹೋಗಿದ್ರ ಖರೇ ಊರು ಕಾಣತಿತ್ರಿ,” ಎಂದರು ಗುರುಲಿಂಗಪ್ಪನವರು. “ನನ್ನ ಊರು ಹೋಗತಿತ್ತು.”

ತುಂಗಾಬಾಯಿಗೆ ಒಂದು ಕ್ಷಣ ಕನಿಕರವಾಯಿತು. ಅದನ್ನು ಅವರು ಬದಿಗಿಟ್ಟರು. ಕನಿಕರಪಡಬೇಕಾದ ಇನ್ನೊಬ್ಬಳು ಅಂಗಡಿ ತೆರೆದಿಟ್ಟುಕೊಂಡು ಕೂತಿದ್ದಳು. ಫೋಟೋ ಒಯ್ದವರು ನೀವೇ ಅಲ್ಲವೇ ಎಂದು ನೇರವಾಗಿ ಕೇಳಿದಾಗ ಅವರು ಗೋಣು ಹಾಕಿದರು. ಚೌಕಟ್ಟಿನ ಹಿಂಬದಿ ಯಾರಾದರೂ ಬಿಚ್ಚಿದರೆ ಸ್ಟಾಂಪು ಕಾಣುತ್ತದೆಂಬ ಹೆದರಿಕೆಗೆ ಬುಧವಾರ ಬೆಳಿಗ್ಗೆ ಹೋಗಿ ತೆಗೆದುಕೊಂಡು ಬಂದು ಟ್ರಂಕಿನಲ್ಲಿ ಇಟ್ಟಿದ್ದರು. ಆ ಹೆಣ್ಣುಮಗಳ ಮೇಲೆ ಬರುತ್ತದೆಂದು ಎಣಿಸಿರಲಿಲ್ಲ.

ಒಂದು ಒಪ್ಪಂದವಾಯಿತು. ಫೋಟೋ ತಾವೇ ಸಮಾರೋಪಕ್ಕೆ ತಂದು, ಸುರಕ್ಷಿತವಾಗಿರಲೆಂದು ತಾವೇ ಒಯ್ದು ಇಟ್ಟಿದ್ದು ಮರೆತಿತ್ತೆಂದು ಎಲ್ಲರ ಮುಂದೆ ಹೇಳಿ, ಹಲೀಮಾಳ ಕ್ಷಮೆ ಕೇಳಬೇಕು. ಪರದೆಯ ಸುದ್ದಿ ತುಂಗಾಬಾಯಿ ಎತ್ತಬಾರದು. ನಕಲು ಹೊಡೆದವನನ್ನು ಬಿಟ್ಟುಬಿಡುವುದು ಅವರ ವೃತ್ತಿಯಲ್ಲಿ ಇದೇ ಮೊದಲು.

ಮಾತು ಅಲ್ಲಿಗೆ ಮುಗಿದು, ಗುರುಲಿಂಗಪ್ಪನವರು ಚಪ್ಪಲಿ ಮೆಟ್ಟಿಕೊಂಡು, ಹೆಂಡತಿಗೆ ಮಾತ್ರ ತಿಳಿಯುವುದು ಬೇಡ ಎಂದು ದನಿ ತಗ್ಗಿಸಿದರು.

“ಏನು ತಿಳೀಬಾರದು?” ಶಿವಕಾಂತಮ್ಮನವರು ಎರಡು ತಾಟು ಉಪ್ಪಿಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಪರದೀದೇನು? ಕಮಲಾಪುರ ನನ್ನ ತವರಮನಿ. ಒಂಬತ್ತ ವರ್ಷದಾಕಿ ಇದ್ದಾಗ ನಾನೂ ಅದರ ಮುಂದ ನಿಂತೀನಿ. ನಿಮ್ಮ ಫೋಟೋ ಮನಿಗೆ ಬಂದ ದಿನಾನೇ ಗುರ್ತ ಹಿಡದೆ.”

ಗುರುಲಿಂಗಪ್ಪನವರ ಬಾಯಿ ತೆರೆಯಿತು. ನಲವತ್ತೊಂಬತ್ತು ವರ್ಷ ಆಕೆ ಇರಾನಿ ಚಹಾದ ಕಥೆಗೆ ಹೂಂಗುಟ್ಟಿದ್ದನ್ನು ಅವರು ಎಣಿಸುತ್ತಿದ್ದಂತಿತ್ತು.

ಹಾಗಾದರೆ ಮದುವೆಗೆ ಒಪ್ಪಿದ್ದೇಕೆ ಎಂದು ತುಂಗಾಬಾಯಿಯೇ ಕೇಳಬೇಕಾಯಿತು.

“ಹೈದರಾಬಾದಿನಾಂವ ಆಗಿದ್ರ ಒಲ್ಲೆ ಅಂತಿದ್ನಿರಿ. ಅಷ್ಟ ದೂರ ಯಾರು ಹೋಗಬೇಕು. ಇಲ್ಲೇ ಇರಾಂವ ಅಂತ ಗೊತ್ತಾತು, ಹೂಂ ಅಂದೆ.” ತಾಟುಗಳನ್ನು ಟೀಪಾಯಿಯ ಮೇಲಿಟ್ಟರು. “ತಿನ್ರಿ, ಆರತದ.”

ತಿನ್ನುವ ಹೊತ್ತಾಗಿರಲಿಲ್ಲ. ಗುರುಲಿಂಗಪ್ಪನವರು ಒಳಕೋಣೆಗೆ ಹೋದರು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿತು, ಬಟ್ಟೆ ಹೊರಗೆಳೆದ ಸದ್ದು ಕೇಳಿತು. ಅದು ಬಹಳ ಹೊತ್ತು ನಡೆಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಮಫ್ಲರ್ ಮಾತ್ರ ಇತ್ತು.

“ಇಲ್ಲ,” ಎಂದರು.

“ಹ್ಯಾಂಗ ಇರತದ,” ಎಂದರು ಶಿವಕಾಂತಮ್ಮನವರು. “ನಾ ಮುಟ್ಟಿಸಿ ಬಂದೀನಿ.”

ಬೆಳಿಗ್ಗೆ ಶೇರ್ವಾನಿ ತೆಗೆಯಲು ಟ್ರಂಕಿಗೆ ಕೈ ಹಾಕಿದಾಗ ಚೌಕಟ್ಟು ಸಿಕ್ಕಿತ್ತು. ಗಂಡನ ಮರ್ಯಾದೆಯೂ ಉಳಿಯಬೇಕು, ಆ ಹೆಣ್ಣುಮಗಳ ಮೇಲಿನ ಮಾತೂ ಹೋಗಬೇಕೆಂದು ಯೋಚಿಸಿ, ಗುಡಿಗೆಂದು ಹೇಳಿ ಅಟೋ ಹತ್ತಿದ್ದರು. ಹಲೀಮಾ ಊಟಕ್ಕೆ ಹೋಗಿದ್ದಳು, ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಫೋಟೋ ಕಟ್ಟಿಸಲು ಬಂದಿದ್ದೇನೆಂದು ಪಕ್ಕದ ಮೆಡಿಕಲ್‌ನವನಿಗೆ ಹೇಳಿ, ಬಗ್ಗಿ ಒಳಹೊಕ್ಕು, ಹಿಂದಿನ ಗೋಡೆಗೆ ಕಾಗದ ಸುತ್ತಿ ಒರಗಿಸಿಟ್ಟ ಗ್ಲಾಸುಗಳ ಎಲ್ಲಕ್ಕಿಂತ ಹಿಂದೆ ಅದನ್ನು ಸರಿಸಿ ಬಂದಿದ್ದರು.

“ಕಳದದ್ದು ಅಲ್ಲೇ ಸಿಕ್ರ, ಎಲ್ಲಿಗೂ ಹೋಗೇ ಇರಲಿಲ್ಲ ಅಂತಾರಲ್ರಿ. ಯಾರ ಮ್ಯಾಲೂ ಬರಂಗಿಲ್ಲ.”

ತುಂಗಾಬಾಯಿ ಗೋಡೆಯ ಕಡೆ ನೋಡಿದರು. ನಾಲ್ಕೂ ಹತ್ತು. ಮೂಲೆಯ ಟೆಲಿಫೋನಿಗೆ ನಡೆದ ಅವರ ಕಾಲು ಟೀಪಾಯಿಗೆ ತಾಗಿ ಉಪ್ಪಿಟ್ಟಿನ ತಾಟು ನೆಲಕ್ಕೆ ಬಿತ್ತು. ಎರಡು ಸಲ ನಂಬರು ತಪ್ಪಿತು. ಮೂರನೆಯ ಸಲ ದೌಲಪ್ಪ ಎತ್ತಿದ.

ಹಲೀಮಾಳನ್ನು ಕೂಡಲೇ ಕರೆ ಎಂದರು. ಈಗ ಆಗುವುದಿಲ್ಲ ಎಂದು ದೌಲಪ್ಪ ಖುಷಿಯಿಂದ ಹೇಳಿದ. ಜಯತೀರ್ಥ, ಮಂಡಳಿಯ ಆರು ಮಂದಿ, ಜೊತೆಗೊಬ್ಬ ಪೊಲೀಸ್ ಜಮಾದಾರ, ಎಲ್ಲರೂ ಅಂಗಡಿಯೊಳಗಿದ್ದರು. ಹೊರಗೆ ಮಂದಿ ನೆರೆದಿದ್ದರು.

“ಭಾರಿ ಧೈರ್ಯದಾಕಿ ಅದಾಳ್ರಿ ಅಕ್ಕೋರೇ. ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಹೇಳಿ ತಾನೇ ಒಂದೊಂದ ಗ್ಲಾಸ್ ಸರಿಸಿ ತೋರಸಾಕತ್ಯಾಳ. ಇನ್ನ ಮೂರೋ ನಾಕೋ ಉಳದಾವ.”

ತುಂಗಾಬಾಯಿ ರಿಸೀವರ್ ಹಿಡಿದುಕೊಂಡೇ ಹಿಂದೆ ತಿರುಗಿದರು. ಈಗ ಬಾಯಿ ಬಿಟ್ಟು ಹೇಳಬೇಕಾದವರು ಒಬ್ಬರೇ. ಫೋನಿನಲ್ಲೇ ಹೇಳಿದರೂ ಸಾಕಿತ್ತು. ರಿಸೀವರನ್ನು ಅಧ್ಯಕ್ಷರ ಕಡೆ ಚಾಚಿದರು.

ಗುರುಲಿಂಗಪ್ಪನವರು ಅದನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಮೆಟ್ಟಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಬಿಟ್ಟು, ಕುರ್ಚಿಗೆ ಬೆನ್ನು ಒರಗಿಸಿ ಕೂತು, ಭಾಷಣದ ಹಾಳೆಯನ್ನು ಮತ್ತೆ ಬಿಡಿಸಿದರು.

“ಯಾವ ಫೋಟೋ, ಅಕ್ಕೋರೇ?”